ಎರಡು ದಿನದ ತರಬೇತಿ ಕೊಟ್ಟರೂ ನಮ್ಮ ಮಾನಸಿಕ ಆರೋಗ್ಯ ತಂಡಕ್ಕೆ ಕಂಪ್ಯೂಟರ್ ಕೆಲಸ ಒಗ್ಗುತ್ತಿಲ್ಲ. ಏನು ಮಾಡಬೇಕು?

ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ನಿಮ್ಮ ತಂಡದ ನರ್ಸ್, ಸಮಾಜ ಕಾರ್ಯಕರ್ತರು, ರಿಜಿಸ್ಟರ್ ನೋಡಿಕೊಳ್ಳುವವರು ಎಲ್ಲರಿಗೂ ಎಕ್ಸೆಲ್ ತರಬೇತಿ ಆಯಿತು, ತಿಂಗಳೊಳಗೆ ಎಲ್ಲರೂ ಪುಸ್ತಕಕ್ಕೇ ಮರಳಿದರು, ತಿಂಗಳ ವರದಿ ಒಬ್ಬರ ತಲೆಗೇ ಬಿತ್ತು ಎಂದು ಬರೆದಿದ್ದೀರಿ. ಇದಕ್ಕೆ ಸಿಬ್ಬಂದಿಯ ಉದಾಸೀನ ಕಾರಣವಲ್ಲ. ಮೆನು, ಬಟನ್ ಎಲ್ಲ ತೋರಿಸಿದ್ದೀರಿ, ಆದರೆ ಅವರ ಕೆಲಸ ಅದರಿಂದ ಹಗುರಾಗಲಿಲ್ಲ. ಮೇಲಿನವರಿಗೆ ಅಂಕಿ ಒಪ್ಪಿಸುವುದಕ್ಕೆ ಮಾತ್ರ ಬೇಕಾದ ವಿದ್ಯೆಯನ್ನು ಯಾರೂ ಉಳಿಸಿಕೊಳ್ಳುವುದಿಲ್ಲ.

ಆದ್ದರಿಂದ ಇಡೀ ತರಬೇತಿಯನ್ನು ಒಂದೇ ಪ್ರಶ್ನೆಯ ಮೇಲೆ ಕಟ್ಟಿ: ಈ ವಾರ ಮಾತ್ರೆಗೋ ಇಂಜೆಕ್ಷನ್ನಿಗೋ ಬರಬೇಕಿದ್ದವರಲ್ಲಿ ಯಾರು ಬರಲಿಲ್ಲ? ಫ್ಲುಫೆನಜಿನ್ ಡೆಕನೋಯೇಟ್‌ನಂಥ ಡಿಪೋ ಇಂಜೆಕ್ಷನ್ (ಒಮ್ಮೆ ಕೊಟ್ಟರೆ ವಾರಗಟ್ಟಲೆ ಕೆಲಸ ಮಾಡುವಂಥದ್ದು) ಎರಡರಿಂದ ನಾಲ್ಕು ವಾರಕ್ಕೊಮ್ಮೆ ಬೀಳಬೇಕು. ಮನಸ್ಥಿತಿಯ ಏರಿಳಿತಕ್ಕೆ ಕೊಡುವ ಲಿಥಿಯಂ ತಗೊಳ್ಳುವವರ ರಕ್ತದಲ್ಲಿ ಅದರ ಮಟ್ಟ ಆಗಾಗ ನೋಡಬೇಕು. ಒಂದು ತಾರೀಖು ತಪ್ಪಿದರೆ ಏನಾಗುತ್ತದೆ ಎಂಬುದು ನಿಮ್ಮ ನರ್ಸ್‌ಗೆ ಚೆನ್ನಾಗಿ ಗೊತ್ತು. ಈ ಪಟ್ಟಿ ಐದು ನಿಮಿಷದಲ್ಲಿ ಕೈಗೆ ಬರುತ್ತದೆ ಎಂದು ಕಂಡ ದಿನ ಅವರೇ ಕಂಪ್ಯೂಟರ್ ಕೇಳುತ್ತಾರೆ.

ಮೊದಲು ಯಾರಿಗೆ ಏನು ಬರುತ್ತದೆ ಎಂದು ನೋಡಿ. ‘ನಿಮಗೆ ನೀವೇ ಎಷ್ಟು ಅಂಕ ಕೊಡುತ್ತೀರಿ’ ಎಂಬ ಪ್ರಶ್ನಾವಳಿ ಬೇಡ, ಅದರಲ್ಲಿ ಧೈರ್ಯ ಇದ್ದವರಿಗೆ ಹೆಚ್ಚು ಅಂಕ ಬರುತ್ತದೆ, ಅಷ್ಟೇ. ಪಕ್ಕದಲ್ಲಿ ಕೂತು ಮೂರು ಕೆಲಸ ಮಾಡಿಸಿ: ಒಬ್ಬ ರೋಗಿ ಹಿಂದಿನ ಸಲ ಬಂದದ್ದು ಯಾವಾಗ ಎಂದು ಹುಡುಕುವುದು, ಬಾರದವರ ಪಟ್ಟಿ ತೆಗೆಯುವುದು, ಆ ಪಟ್ಟಿಯನ್ನು ಪಿಎಚ್‌ಸಿಗೆ (ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ) ಸುರಕ್ಷಿತವಾಗಿ ಕಳಿಸುವುದು. ಎಲ್ಲಿ ಕೈ ನಿಲ್ಲುತ್ತದೋ ಅಲ್ಲಿಂದ ಪಾಠ ಶುರು.

ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರ ಮನೋಚೈತನ್ಯ ಕ್ಲಿನಿಕ್ (ಮಾನಸಿಕ ಆರೋಗ್ಯದ ಹೊರರೋಗಿ ಸೇವೆ) ಇದ್ದರೆ ಬುಧವಾರ ಮುಕ್ಕಾಲು ಗಂಟೆ ಸಾಕು. ಆರು ವಾರ, ಅವರದೇ ಕಂಪ್ಯೂಟರಿನಲ್ಲಿ, ನಿನ್ನೆಯದೇ ಎಂಟ್ರಿ. ಅಭ್ಯಾಸದ ಫೈಲಿನಲ್ಲಿ ಮಾತ್ರ ಸುಳ್ಳು ಹೆಸರು ಇರಲಿ. ಕೀಬೋರ್ಡ್ ಮುಂದೆ ಕಲಿಯುವವರೇ ಕೂರಬೇಕು, ಕಲಿಸುವವರು ಮೌಸ್ ಮುಟ್ಟಬಾರದು. ರಾಜ್ಯದ ಮಾನಸಿಕ ಆರೋಗ್ಯ ದಾಖಲೆಗಳ ಆನ್‌ಲೈನ್ ವ್ಯವಸ್ಥೆಯಾದ ಇ-ಮಾನಸ್ ಬಳಸುತ್ತಿದ್ದರೂ ಕಲಿಸುವುದಕ್ಕೆ ಸಾದಾ ಹಾಳೆಯೇ ಒಳ್ಳೆಯದು. ಸಾಲು, ಕಾಲಂ, ಫಿಲ್ಟರ್ ಅರ್ಥವಾದವರಿಗೆ ಯಾವ ತಂತ್ರಾಂಶವೂ ಕಷ್ಟವಲ್ಲ.

ಹಾಳೆಯ ನಿಯಮ: ಒಂದು ಭೇಟಿಗೆ ಒಂದು ಸಾಲು, ಸೆಲ್‌ಗಳನ್ನು ಮರ್ಜ್ ಮಾಡುವಂತಿಲ್ಲ, ತಲೆಬರಹ ಒಂದೇ ಸಾಲಿನಲ್ಲಿ. ನೋಂದಣಿ ಸಂಖ್ಯೆ, ಹೆಸರು, ಊರು, ಪಿಎಚ್‌ಸಿ, ಬಂದ ದಿನಾಂಕ, ಎಷ್ಟು ದಿನದ ಔಷಧಿ, ಮುಂದೆ ಬರಬೇಕಾದ ದಿನಾಂಕ, ಫೋನ್, ಆ ಫೋನ್ ಯಾರದು. ಬರಬೇಕಾದ ದಿನಾಂಕವನ್ನು ಕೈಯಲ್ಲಿ ಬರೆಯಬೇಡಿ; ಬಂದ ದಿನಾಂಕಕ್ಕೆ ಔಷಧಿಯ ದಿನಗಳನ್ನು ಕೂಡಿಸುವ ಫಾರ್ಮುಲಾ ಹಾಕಿ. ಇನ್ನೊಂದು ಹಾಳೆಯಲ್ಲಿ ಒಬ್ಬರಿಗೆ ಒಂದೇ ಸಾಲು; ಮ್ಯಾಕ್ಸ್‌ಇಫ್ಸ್ (MAXIFS) ಫಾರ್ಮುಲಾದಿಂದ ಅವರ ಕೊನೆಯ ‘ಬರಬೇಕಾದ ದಿನಾಂಕ’ ತನ್ನಿ, ಏಳು ದಿನಕ್ಕಿಂತ ಹಿಂದಿನದನ್ನು ಫಿಲ್ಟರ್ ಮಾಡಿ. ಅದೇ ನಿಮ್ಮ ಪಟ್ಟಿ. (ಒಂದೇ ಸಲ ದುಡ್ಡು ಕೊಟ್ಟು ಕೊಳ್ಳುವ ಎಕ್ಸೆಲ್ 2016ರಲ್ಲಿ ಈ ಫಾರ್ಮುಲಾ ಇಲ್ಲ, 2019ರಿಂದ ಇದೆ. ಹಳೆಯದಿದ್ದರೆ ಉಚಿತವಾದ ಲಿಬ್ರೆಆಫೀಸ್ ಹಾಕಿಕೊಳ್ಳಿ.)

ಇನ್ನು ಕೆಡುವ ಜಾಗಗಳು. ಮೊದಲನೆಯದು ದಿನಾಂಕ. ಕಂಪ್ಯೂಟರಿನ ಸೆಟ್ಟಿಂಗ್ಸ್‌ನಲ್ಲಿ ರೀಜನ್ (ಯಾವ ದೇಶ) ಅಮೆರಿಕದ್ದಿದ್ದರೆ ನೀವು 03/04 ಎಂದು ಬರೆದ ಏಪ್ರಿಲ್ 3, ಮಾರ್ಚ್ 4 ಆಗುತ್ತದೆ. 25/04 ಎಂದರೆ ಅದಕ್ಕೆ ದಿನಾಂಕವೇ ಅಲ್ಲ, ಬರೀ ಅಕ್ಷರ. ಗುರುತು ಸುಲಭ: ನೀವಾಗಿ ಅಲೈನ್‌ಮೆಂಟ್ ಬದಲಿಸಿಲ್ಲದಿದ್ದರೆ ನಿಜವಾದ ದಿನಾಂಕ ಸೆಲ್‌ನ ಬಲಕ್ಕೆ ಅಂಟಿಕೊಂಡಿರುತ್ತದೆ, ಅಕ್ಷರವಾದದ್ದು ಎಡಕ್ಕೆ. ಮೊದಲ ಎಂಟ್ರಿಗೆ ಮುಂಚೆಯೇ ರೀಜನ್ ಅನ್ನು ಇಂಡಿಯಾ ಮಾಡಿ. ಆಮೇಲೆ ಬದಲಿಸಿದರೆ ಆಗಲೇ ತಪ್ಪಾಗಿ ಕೂತದ್ದು ಸರಿಹೋಗುವುದಿಲ್ಲ.

ಎರಡನೆಯದು ನಮ್ಮ ಕಡೆಯದೇ ತೊಂದರೆ: ಹಳೆಯ ನುಡಿ ಫಾಂಟ್. ಯೂನಿಕೋಡ್ ಅಲ್ಲದ ನುಡಿಯಲ್ಲಿ ಟೈಪ್ ಮಾಡಿದ ಊರು, ಹೆಸರು ಇನ್ನೊಂದು ಕಂಪ್ಯೂಟರಿನಲ್ಲಿ ಚಿತ್ರವಿಚಿತ್ರ ಅಕ್ಷರವಾಗುತ್ತವೆ, ಯೂನಿಕೋಡ್‌ನಲ್ಲಿ ಹುಡುಕಿದರೆ ಸಿಗುವುದಿಲ್ಲ. ಎಲ್ಲರೂ ಯೂನಿಕೋಡೇ ಬಳಸಬೇಕು. ಅಷ್ಟಾದರೂ ಮಂಜುನಾಥ, ಮಂಜುನಾಥ್, ಮಂಜಪ್ಪ ಒಬ್ಬರೋ ಮೂವರೋ ಹೆಸರು ಹೇಳುವುದಿಲ್ಲ. ಹಾಗಾಗಿ ಗುರುತು ಯಾವಾಗಲೂ ನೋಂದಣಿ ಸಂಖ್ಯೆಯಿಂದ. ಪಿಎಚ್‌ಸಿ ಹೆಸರನ್ನು ಡೇಟಾ ವ್ಯಾಲಿಡೇಶನ್ ಪಟ್ಟಿಯಿಂದಲೇ (ಸೆಲ್‌ನಲ್ಲಿ ಮೊದಲೇ ತುಂಬಿಟ್ಟ ಹೆಸರುಗಳಿಂದ) ಆರಿಸುವಂತೆ ಮಾಡಿ.

ಮೂರನೆಯದು ಅಪಾಯದ್ದು. ಒಂದೇ ಕಾಲಂ ಸೆಲೆಕ್ಟ್ ಮಾಡಿ ಸಾರ್ಟ್ ಒತ್ತಿದಾಗ ಎಕ್ಸೆಲ್ ‘ಎಕ್ಸ್‌ಪ್ಯಾಂಡ್ ದ ಸೆಲೆಕ್ಷನ್’ ಎಂದು ಕೇಳುತ್ತದೆ. ಅವಸರದಲ್ಲಿ ಎರಡನೆಯ ಆಯ್ಕೆ (ಸೆಲೆಕ್ಟ್ ಮಾಡಿದ್ದನ್ನಷ್ಟೇ ಸಾರ್ಟ್ ಮಾಡುವುದು) ಒತ್ತಿದರೆ ಹೆಸರುಗಳಷ್ಟೇ ಅದಲುಬದಲಾಗಿ, ಒಬ್ಬರ ಔಷಧಿಯ ಲೆಕ್ಕ ಇನ್ನೊಬ್ಬರ ಹೆಸರಿನ ಮುಂದೆ ಕೂರುತ್ತದೆ. ನೋಡುವುದಕ್ಕೆ ಹಾಳೆ ಅಚ್ಚುಕಟ್ಟಾಗಿಯೇ ಇರುತ್ತದೆ. ಕಂಟ್ರೋಲ್-ಟಿ ಒತ್ತಿ ಹಾಳೆಯನ್ನು ಟೇಬಲ್ ಮಾಡಿಟ್ಟರೆ ಸಾಲುಗಳು ಒಟ್ಟಿಗೇ ಚಲಿಸುತ್ತವೆ. ಇದನ್ನು ಮೊದಲ ವಾರವೇ ಕಲಿಸಿ, ಅಭ್ಯಾಸದ ಫೈಲಿನಲ್ಲಿ ಬೇಕೆಂದೇ ಕೆಡಿಸಿ ತೋರಿಸಿ.

ಗೋಪ್ಯತೆಯನ್ನು ಕೊನೆಯ ದಿನದ ಉಪನ್ಯಾಸಕ್ಕೆ ತಳ್ಳಬೇಡಿ, ಪ್ರತಿ ವಾರವೂ ಬರಲಿ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ ಸೆಕ್ಷನ್ 23 ಗೋಪ್ಯತೆಯ ಹಕ್ಕು ಕೊಡುತ್ತದೆ. ಡಿಜಿಟಲ್ ರೂಪದ ಮಾಹಿತಿಗೂ ಅದು ಅನ್ವಯ ಎಂದು ಸೆಕ್ಷನ್ 24 ಸ್ಪಷ್ಟವಾಗಿಯೇ ಹೇಳುತ್ತದೆ. ಆದರೆ ನಡೆಯುವುದೇನು? ರಿಜಿಸ್ಟರ್ ಪುಟದ ಫೋಟೊ ವಾಟ್ಸಾಪ್ ಗ್ರೂಪಿಗೆ ಹೋಗುತ್ತದೆ, ಅಲ್ಲಿಂದ ಹತ್ತು ಜನರ ಗ್ಯಾಲರಿಗೆ, ಕ್ಲೌಡ್ ಬ್ಯಾಕಪ್‌ಗೆ. ಆಶಾ ಕಾರ್ಯಕರ್ತೆಗೆ ಬೇಕಿರುವುದು ಅವರ ಊರಿನ ಇಬ್ಬರ ವಿವರ, ಇಡೀ ತಾಲ್ಲೂಕಿನದಲ್ಲ. ಕಾಯಿಲೆಯ ಹೆಸರಂತೂ ಬೇಡವೇ ಬೇಡ. ಕಾಲಂ ಹೈಡ್ ಮಾಡಿದರೆ ಅಳಿಸಿದಂತಲ್ಲ, ಯಾರು ಬೇಕಾದರೂ ಅನ್‌ಹೈಡ್ ಮಾಡಬಹುದು. ಬೇಕಾದ್ದನ್ನಷ್ಟೇ ಹೊಸ ಫೈಲಿಗೆ ಕಾಪಿ ಮಾಡಿ ಎನ್‌ಕ್ರಿಪ್ಟ್ ವಿತ್ ಪಾಸ್‌ವರ್ಡ್ ಹಾಕಿ (ಫೈಲ್, ಇನ್ಫೋ, ಪ್ರೊಟೆಕ್ಟ್ ವರ್ಕ್‌ಬುಕ್ ಒಳಗಿದೆ). ‘ಪ್ರೊಟೆಕ್ಟ್ ಶೀಟ್’ ಬೇರೆ, ಅದು ಓದುವುದನ್ನು ತಡೆಯುವುದಿಲ್ಲ. ಪಾಸ್‌ವರ್ಡನ್ನು ಫೋನಿನಲ್ಲಿ ಬಾಯಲ್ಲೇ ಹೇಳಿ.

ಫೋನ್ ಮಾಡುವುದೂ ಈ ಕೌಶಲದ ಭಾಗವೇ. ನಂಬರ್ ಮಗನದೋ ಪಕ್ಕದ ಮನೆಯವರದೋ ಇರಬಹುದು. ‘ಸರ್ಕಾರಿ ಆಸ್ಪತ್ರೆಯಿಂದ, ಅವರ ಹತ್ತಿರ ಮಾತಾಡಬೇಕಿತ್ತು’ ಎನ್ನುವಷ್ಟೇ ಸಾಕು. ರೋಗಿಯೇ ಲೈನಿಗೆ ಬಂದ ಮೇಲೆ ಉಳಿದ ಮಾತು. ರಾತ್ರಿಯಲ್ಲಿ ಕಷ್ಟವಾದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಬಹುದು ಎಂದು ಆಗಲೇ ಹೇಳಿಬಿಡಿ.

ಪಟ್ಟಿ ಬರತೊಡಗಿದ ಮೇಲೆ ಅಂಕಿಯನ್ನು ಓದುವುದು ಕಲಿಸಿ. ಒಂದು ಪಿಎಚ್‌ಸಿಯಲ್ಲಿ ನಾಲ್ವರಲ್ಲಿ ಮೂವರು ಬಂದಿಲ್ಲ, ಇನ್ನೊಂದರಲ್ಲಿ ನಲವತ್ತರಲ್ಲಿ ಹದಿನೈದು ಜನ ಬಂದಿಲ್ಲ. ಶೇಕಡಾವಾರು ಮೊದಲನೆಯದನ್ನು ಬೈಯುತ್ತದೆ, ಕೆಲಸ ಇರುವುದು ಎರಡನೆಯದರಲ್ಲಿ. ಬಾರದ ಕಾರಣ ರೋಗಿಯಲ್ಲೇ ಹುಡುಕುವ ಮೊದಲು ಆ ತಿಂಗಳ ಔಷಧಿ ಸ್ಟಾಕ್ ನೋಡಿ. ಹೋದ ಸಲ ಬಂದು ಬರಿಗೈಯಲ್ಲಿ ವಾಪಸಾದವರು ಬಸ್ ಚಾರ್ಜ್ ಕೊಟ್ಟು ಮತ್ತೆ ಯಾಕೆ ಬರಬೇಕು? ಭೇಟಿಗಳ ಎಣಿಕೆ ಬೇರೆ, ಜನರ ಎಣಿಕೆ ಬೇರೆ ಎಂಬುದನ್ನು ವರದಿ ಬರೆಯುವವರಿಗೆ ಕೂಡಿಸಿ ತೋರಿಸಿ. ಮೂರು ಸಲ ಬಂದ ಒಬ್ಬರು ಮೂವರಾಗಿಬಿಡುವುದು ಅಲ್ಲೇ.

ನೀವು ಅಧಿಕಾರಿಯಾಗಿದ್ದರೆ ಇನ್ನೊಂದು ಮಾತು. ಈ ಪಟ್ಟಿ ಹಿಡಿದು ಯಾರಿಗೂ ನೋಟಿಸ್ ಕೊಡಬೇಡಿ. ಒಮ್ಮೆ ಕೊಟ್ಟರೆ ಮುಂದಿನ ತಿಂಗಳಿಂದ ಎಲ್ಲರೂ ‘ಬಂದಿದ್ದಾರೆ’ ಎಂದೇ ತುಂಬುತ್ತಾರೆ, ಆಮೇಲೆ ಯಾವ ತರಬೇತಿಯೂ ಆ ಹಾಳೆಯನ್ನು ನಿಜ ಮಾಡಲಾರದು. ಆರು ವಾರ ಮುಗಿದಾಗ ಮೊದಲ ದಿನದ ಅದೇ ಮೂರು ಕೆಲಸ ಮತ್ತೆ ಕೊಡಿ. ತಂಡದಲ್ಲಿ ಕನಿಷ್ಠ ಇಬ್ಬರಿಗೆ ಸಹಾಯವಿಲ್ಲದೆ ಬಾರದವರ ಪಟ್ಟಿ ತೆಗೆಯಲು ಬರುವವರೆಗೆ ಚಾರ್ಟ್, ಡ್ಯಾಶ್‌ಬೋರ್ಡ್ ಯಾವುದನ್ನೂ ಎತ್ತಿಕೊಳ್ಳಬೇಡಿ. ಒಬ್ಬರಿಗೇ ಬಂದರೆ ಅವರ ವರ್ಗಾವಣೆಯ ದಿನ ನೀವು ಮತ್ತೆ ಪುಸ್ತಕಕ್ಕೆ.