ಮನೆ ಬಿಟ್ಟರೆ ಮನೆಯ ಹಕ್ಕೂ ಹೋಗುತ್ತಾ?

ವಾರ್ಡ್ ಆಫೀಸಿನ ಕೆಲಸಗಳ ಬಗ್ಗೆ ಮುಂಬೈ ಮತ್ತು ಸುತ್ತಮುತ್ತಲಿನ ಕನ್ನಡಿಗರು ಕೇಳಿದ ಪ್ರಶ್ನೆಗಳಿವು. ಪಾಲಿಕೆಯ ಕಾಗದಪತ್ರಗಳ ನಡುವೆ ಬಹಳ ವರ್ಷ ಕಳೆದ ತಜ್ಞರು ಉತ್ತರಿಸಿದ್ದಾರೆ.

ಪ್ರಶ್ನೆ: ಘಾಟ್ಕೋಪರ್ ಪೂರ್ವದಲ್ಲಿ ನಮ್ಮದು ಮೂರು ಮಾಳಿಗೆಯ ಹಳೆ ಬಿಲ್ಡಿಂಗ್. ಅಪ್ಪ ಹೋಟೆಲಿನಲ್ಲಿ ದುಡಿದು, ಪಗಡಿ (ಬಾಡಿಗೆ ಹಕ್ಕಿಗಾಗಿ ಮೊದಲೇ ಕೊಡುವ ದೊಡ್ಡ ಮೊತ್ತ) ಕೊಟ್ಟು ಹಿಡಿದ ರೂಮ್. ಅಪ್ಪ ಈಗ ಇಲ್ಲ, ಬಾಡಿಗೆ ರಸೀದಿ ಇನ್ನೂ ಅವರ ಹೆಸರಲ್ಲೇ ಬರುತ್ತದೆ. ಕಳೆದ ತಿಂಗಳು ಗೇಟಿನ ಗೋಡೆಗೆ 'ಸಿ-1' ನೋಟಿಸ್ ಅಂಟಿಸಿ ಹೋದರು. ಅಮ್ಮನಿಗೆ 78 ವರ್ಷ. 'ಒಂದ್ಸಲ ಹೊರಗೆ ಕಾಲಿಟ್ಟರೆ ಮತ್ತೆ ಒಳಗೆ ಬರಲಿಕ್ಕಿಲ್ಲ' ಎಂದು ಹಟ ಹಿಡಿದು ಕೂತಿದ್ದಾರೆ. ಏನು ಮಾಡಲಿ?

ಉತ್ತರ: ಮೊದಲು ಅಮ್ಮನಿಗೆ ಒಂದು ಮಾತು ಹೇಳಿ. ಬಿಲ್ಡಿಂಗ್ ಬಿದ್ದರೂ, ಕೆಡವಿದರೂ, ಅವರ ಬಾಡಿಗೆದಾರರ ಹಕ್ಕು ಬೀಳುವುದಿಲ್ಲ. ಪಾಲಿಕೆಯ ನೋಟಿಸಿಗೆ ತಲೆಬಾಗಿ ಮನೆ ಬಿಡುವುದೂ, ಮನೆಯನ್ನು ಮಾಲೀಕನಿಗೆ ಬಿಟ್ಟುಕೊಡುವುದೂ ಬೇರೆ ಬೇರೆ. ಆದರೆ ಆ ಹಕ್ಕು ಕಾಗದದ ಮೇಲೆ ಇರಬೇಕು. ಖಾಲಿ ಮಾಡುವ ಮೊದಲೇ ಇರಬೇಕು.

ಸಿ-1 ಎಂದರೆ ಅತಿ ಅಪಾಯಕಾರಿ, ಪೂರ್ತಿ ಖಾಲಿ ಮಾಡಿ ಕೆಡವಬೇಕಾದದ್ದು. ಸಿ-2ಎ ಎಂದರೆ ಒಂದಷ್ಟು ಭಾಗ ಖಾಲಿ ಮಾಡಿ ದೊಡ್ಡ ರಿಪೇರಿ. ಸಿ-2ಬಿ ಎಂದರೆ ಒಳಗೆ ಇದ್ದುಕೊಂಡೇ ರಿಪೇರಿ. ಸಿ-3 ಸಣ್ಣಪುಟ್ಟ ಕೆಲಸ. ನಿಮಗೆ ಬಂದಿರುವುದು 1888ರ ಮುಂಬೈ ಮಹಾನಗರ ಪಾಲಿಕೆ ಕಾಯ್ದೆಯ 354ನೇ ಕಲಮಿನ ನೋಟಿಸ್ ಇರಬೇಕು. ಅದರ ಹಿಂದೆ ಒಬ್ಬ ಸ್ಟ್ರಕ್ಚರಲ್ ಎಂಜಿನಿಯರ್‌ನ ಆಡಿಟ್ ವರದಿ ಇರುತ್ತದೆ. ನಿಮ್ಮದು ಎನ್ ವಾರ್ಡ್. ಅಲ್ಲಿಗೆ ಹೋಗಿ ಆ ವರದಿಯ ಪ್ರತಿ ಕೇಳಿ. ಬಾಯಲ್ಲಿ ಕೇಳಬೇಡಿ. ಎರಡು ಪ್ರತಿ ಅರ್ಜಿ ಬರೆದು ಆವಕ್-ಜಾವಕ್ (ಕಾಗದ ಸ್ವೀಕರಿಸುವ, ಕಳಿಸುವ) ಟೇಬಲ್ಲಿಗೆ ಕೊಡಿ. ಒಂದು ಅವರಿಗೆ, ಇನ್ನೊಂದರ ಮೇಲೆ ತಾರೀಕಿನ ಸಿಕ್ಕಾ ಹೊಡೆಸಿ 'ಪೋಚ್', ಅಂದರೆ ಕಾಗದ ತಲುಪಿದ್ದಕ್ಕೆ ಗುರುತು, ತೆಗೆದುಕೊಳ್ಳಿ. ಎಷ್ಟೋ ಜನ ನ್ಯಾಯ ತಮ್ಮ ಕಡೆ ಇದ್ದರೂ, ಆ ಒಂದು ನೀಲಿ ಸಿಕ್ಕಾ ಇಲ್ಲದೆ ಸೋತಿದ್ದನ್ನು ನಾನು ನೋಡಿದ್ದೇನೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ವರದಿ ಮಾಲೀಕ ಮಾಡಿಸಿದ್ದು, ನಿಮಗೆ ನಂಬಿಕೆ ಇಲ್ಲ ಎಂದಾದರೆ ಬಾಡಿಗೆದಾರರೆಲ್ಲ ಸೇರಿ ಇನ್ನೊಬ್ಬ ನೋಂದಾಯಿತ ಎಂಜಿನಿಯರ್‌ನಿಂದ ಬೇರೆ ಆಡಿಟ್ ಮಾಡಿಸಬಹುದು. ಎರಡು ವರದಿ ಎರಡು ಮಾತು ಹೇಳಿದರೆ ವಿಷಯ ಪಾಲಿಕೆಯ ತಾಂತ್ರಿಕ ಸಲಹಾ ಸಮಿತಿಗೆ ಹೋಗುತ್ತದೆ. ಎಲ್ಲರೂ ಅದನ್ನು 'ಟ್ಯಾಕ್' ಎನ್ನುತ್ತಾರೆ. ಆದರೆ ಸುಮ್ನೆ ದಿನ ದೂಡಲಿಕ್ಕೆ ಈ ದಾರಿ ಹಿಡಿಯಬೇಡಿ. ಬಿರುಕಿನ ಮೇಲೆ ಅಡ್ಡಲಾಗಿ ಒಂದು ತೆಳು ಗಾಜಿನ ಪಟ್ಟಿಯನ್ನು ಸಿಮೆಂಟಿನಿಂದ ಅಂಟಿಸುವುದು ಎಂಜಿನಿಯರ್‌ಗಳ ಹಳೆಯ ಪರೀಕ್ಷೆ. ಗಾಜು ಹಾಗೇ ಉಳಿದರೆ ಬಿರುಕು ನಿಂತಿದೆ ಎಂದರ್ಥ. ಗಾಜು ಒಡೆದರೆ ಗೋಡೆ ಸರಿಯುತ್ತಿದೆ. ಒಂದು ಮನೆಯಲ್ಲಿ ದೇವರ ಮಂಟಪದ ಪಕ್ಕದಲ್ಲೇ ಅಂಥ ಪಟ್ಟಿ ಅಂಟಿಸಿದ್ದೆವು. ಎಂಟನೇ ದಿನ ಹೋಗಿ ನೋಡಿದರೆ ಎರಡು ತುಂಡು. ಮನೆಯವರು ಅದನ್ನು ದಿನವೂ ಒರೆಸಿ ಚೊಕ್ಕವಾಗಿ ಇಟ್ಟಿದ್ದರು. ಒಡೆದದ್ದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಇನ್ನು ಹಕ್ಕಿನ ಕಾಗದ. ಕೆಡವುವ ಮೊದಲು ಯಾರ್‍ಯಾರು ಇದ್ದಾರೆ, ಯಾರ ರೂಮ್ ಎಷ್ಟು ಕಾರ್ಪೆಟ್ ಏರಿಯಾ (ಗೋಡೆಗಳ ಒಳಗಿನ ಜಾಗ) ಎಂದು ವಾರ್ಡಿನವರು ಅಳತೆ ಮಾಡಿ ಪಟ್ಟಿ ಮಾಡಬೇಕು. ಬಾಂಬೆ ಹೈಕೋರ್ಟ್ ಹೇಳಿದ ಮೇಲೆ ಬಂದ ಪದ್ಧತಿ ಇದು. ಆ ಪಟ್ಟಿಯಲ್ಲಿ ಅಮ್ಮನ ಹೆಸರು, ರೂಮ್ ನಂಬರ್, ಅಳತೆ ಸರಿ ಇದೆಯೇ ನೋಡಿ, ಪ್ರತಿ ತೆಗೆದುಕೊಳ್ಳಿ. ನಾಳೆ ಬಿಲ್ಡರ್ ಎದುರು ಕೂತಾಗ ನಿಮ್ಮ ಕೈಯಲ್ಲಿರುವ ಅಸ್ತ್ರ ಅದೊಂದೇ. ಅಟ್ಟ, ಬಾಲ್ಕನಿ ಲೆಕ್ಕದಲ್ಲಿ ಬಿಟ್ಟುಹೋಗಿದ್ದರೆ ಅಲ್ಲೇ ಬರೆದು ಆಕ್ಷೇಪ ಕೊಡಿ. ಮೊಬೈಲಲ್ಲಿ ಪ್ರತಿ ಮೂಲೆಯ ಫೋಟೊ ತೆಗೆದಿಟ್ಟುಕೊಳ್ಳಿ.

ರಸೀದಿ ಅಪ್ಪನ ಹೆಸರಲ್ಲಿದೆ ಎಂಬ ಹೆದರಿಕೆ ಬೇಡ. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯ ಪ್ರಕಾರ, ಬಾಡಿಗೆದಾರ ತೀರಿಕೊಂಡಾಗ ಅವರ ಜೊತೆ ವಾಸವಿದ್ದ ಮನೆಯವರಿಗೆ ಹಕ್ಕು ಬರುತ್ತದೆ. ಪಗಡಿ ವ್ಯವಹಾರವನ್ನೂ ಅದೇ ಕಾಯ್ದೆ ಒಪ್ಪಿಕೊಂಡಿದೆ. ಅಪ್ಪನ ಮರಣ ದಾಖಲೆ, ಅಮ್ಮನ ರೇಷನ್ ಕಾರ್ಡ್, ಆ ವಿಳಾಸದ ಹಳೆ ಲೈಟ್ ಬಿಲ್ ಎಲ್ಲ ಒಂದೇ ಫೈಲಿನಲ್ಲಿ ಹಾಕಿ. ಬಾಡಿಗೆ ಕಟ್ಟುವುದನ್ನು ನಿಲ್ಲಿಸಬೇಡಿ. ಮಾಲೀಕ ತೆಗೆದುಕೊಳ್ಳದಿದ್ದರೆ ಮನಿ ಆರ್ಡರ್ ಮಾಡಿ, ಚೀಟಿ ಇಟ್ಟುಕೊಳ್ಳಿ.

ಮಾಟುಂಗ, ದಾದರ್, ಗಿರ್ಗಾಂವ್ ಕಡೆಯ ಓದುಗರಿಗೂ ಒಂದು ಮಾತು. 1969ರ ಸೆಪ್ಟೆಂಬರ್ ಮುಗಿಯುವ ಮೊದಲು ಕಟ್ಟಿದ, ರಿಪೇರಿ ಸೆಸ್ ಕಟ್ಟುವ ಬಾಡಿಗೆ ಬಿಲ್ಡಿಂಗ್ ನಿಮ್ಮದಾದರೆ ರಿಪೇರಿಯ ಹೊಣೆ ರಾಜ್ಯದ ವಸತಿ ಪ್ರಾಧಿಕಾರವಾದ ಮ್ಹಾಡಾದ ದುರಸ್ತಿ ಮಂಡಳಿಯದು. ವಾರ್ಡ್ ಆಫೀಸಿಗೆ ಅಲೆದು ಕಾಲ ಕಳೆಯಬೇಡಿ.

ಅಮ್ಮನನ್ನು ಮಾತ್ರ ಮಳೆಗಾಲಕ್ಕೆ ಮೊದಲೇ ಬೇರೆ ಕಡೆ ಕರೆದುಕೊಂಡು ಹೋಗಿ. ಅಳತೆಯ ಪ್ರತಿಯನ್ನು ಅವರ ಕೈಗೇ ಕೊಡಿ, ಅವರ ಟ್ರಂಕಿನಲ್ಲೇ ಇರಲಿ.

ಪ್ರಶ್ನೆ: ಮೀರಾ ರೋಡಿನಲ್ಲಿದ್ದೇವೆ. ಗಟಾರ ಉಕ್ಕಿ ಹರಿಯುತ್ತಿದೆ ಎಂದು 1916ಕ್ಕೆ ಮೂರು ಸಲ ಫೋನ್ ಮಾಡಿದೆ. ಯಾರೂ ಬರಲಿಲ್ಲ.

ಉತ್ತರ: 1916 ಮುಂಬೈ ಪಾಲಿಕೆಯ ನಂಬರ್. ನೀವು ಮೀರಾ-ಭಾಯಂದರ್ ಪಾಲಿಕೆಯವರು, ಜಿಲ್ಲೆಯೂ ಠಾಣೆ. ದಹಿಸರ್ ಚೆಕ್ ನಾಕಾ ದಾಟಿದರೆ ಮುಂಬೈ ಪಾಲಿಕೆ ಮುಗಿಯಿತು. ಮುಲುಂಡ್ ಚೆಕ್ ನಾಕಾದ ಆಚೆ ಠಾಣೆ ಪಾಲಿಕೆ. ಡೊಂಬಿವಲಿಯವರದು ಕಲ್ಯಾಣ-ಡೊಂಬಿವಲಿ ಪಾಲಿಕೆ. ಮನೆಪಟ್ಟಿ (ಮನೆ ತೆರಿಗೆ) ಬಿಲ್ಲಿನ ಮೇಲ್ಗಡೆ ಯಾವ ಪಾಲಿಕೆಯ ಹೆಸರಿದೆ ನೋಡಿ, ದೂರು ಅಲ್ಲಿಗೇ ಹೋಗಬೇಕು.

ಪ್ರಶ್ನೆ: ಭಾಂಡುಪ್‌ನಲ್ಲಿ ನಮ್ಮ ಸೊಸೈಟಿಗೆ ಬೆಳಿಗ್ಗೆ ಬರುವ ನೀರು ಹದಿನೈದು ದಿನದಿಂದ ವಾಸನೆ. ಮಕ್ಕಳಿಗೆ ಹೊಟ್ಟೆ ಕೆಟ್ಟಿದೆ. ಪಾಲಿಕೆಯವರು 'ನಿಮ್ಮ ಟಾಂಕಿ ತೊಳೆಸಿ' ಅನ್ನುತ್ತಾರೆ, ಸೆಕ್ರೆಟರಿ 'ಪಾಲಿಕೆ ನೀರೇ ಹಾಗಿದೆ' ಅನ್ನುತ್ತಾರೆ.

ಉತ್ತರ: ಇಬ್ಬರಲ್ಲಿ ಯಾರು ಸರಿ ಎಂದು ನೀವೇ ಕಂಡುಹಿಡಿಯಬಹುದು. ಎರಡು ಗಾಜಿನ ಬಾಟಲಿ ಚೆನ್ನಾಗಿ ತೊಳೆದಿಡಿ. ನೀರು ಬಿಡುವ ಹೊತ್ತಿಗೆ ಮೀಟರಿನ ಹತ್ತಿರ, ಅಂದರೆ ನೆಲದ ಟಾಂಕಿಗೆ ಬೀಳುವ ಮೊದಲು, ಒಂದು ಬಾಟಲಿ ಹಿಡಿಯಿರಿ. ಇನ್ನೊಂದನ್ನು ಮನೆಯ ನಲ್ಲಿಯಿಂದ ತುಂಬಿಸಿ. ಬಿಳಿ ಕಾಗದದ ಮುಂದೆ ಪಕ್ಕಪಕ್ಕ ಇಟ್ಟು ನೋಡಿ, ಮೂಸಿ ನೋಡಿ. ಮೀಟರಿನ ನೀರು ತಿಳಿಯಾಗಿದ್ದು ಮನೆಯದು ಕೆಟ್ಟಿದ್ದರೆ ತಪ್ಪು ಟಾಂಕಿಯದು, ಸೊಸೈಟಿಯೇ ತೊಳೆಸಬೇಕು. ಮೀಟರಿನ ನೀರೇ ಕೆಟ್ಟಿದ್ದರೆ ತಪ್ಪು ಹೊರಗಿನ ಪೈಪಿನದು.

ಭಾತ್ಸಾ, ವೈತರಣಾ ಕಡೆಯ ಕೆರೆಗಳ ನೀರಿನ ಬಹುಪಾಲು ಶುದ್ಧವಾಗುವುದು ನಿಮ್ಮ ಭಾಂಡುಪ್ ಸಂಕುಲದಲ್ಲೇ. ಅಲ್ಲಿಂದ ಹೊರಡುವಾಗ ನೀರು ಚೆನ್ನಾಗಿಯೇ ಇರುತ್ತದೆ, ಕೆಡುವುದು ದಾರಿಯಲ್ಲಿ. ನಮ್ಮಲ್ಲಿ ನೀರು ದಿನಕ್ಕೆ ಕೆಲವೇ ಗಂಟೆ. ಉಳಿದ ಹೊತ್ತು ಪೈಪ್ ಖಾಲಿ. ಅದು ಗಟಾರದ ಪಕ್ಕ ಹಾದುಹೋಗಿದ್ದು, ಎಲ್ಲೋ ಒಂದು ಕಡೆ ತುಕ್ಕು ಹಿಡಿದು ತೂತಾಗಿದ್ದರೆ, ಹೊರಗಿನ ಕೊಳೆ ಒಳಗೆ ಇಳಿಯುತ್ತದೆ. ಪೈಪಿಗೆ ನೇರವಾಗಿ ಪಂಪ್ ಹಚ್ಚಿ ಎಳೆದರೆ ಇನ್ನೂ ಜಾಸ್ತಿ. ಅದು ಕಾನೂನಿಗೂ ವಿರುದ್ಧ. ನಿಮ್ಮ ಸೊಸೈಟಿಯಲ್ಲಿ ಹಾಗೆ ಇದ್ದರೆ ಮೊದಲು ತೆಗೆಸಿ. ಇಲ್ಲವಾದರೆ ಇಡೀ ಗಲ್ಲಿಯ ಮಕ್ಕಳಿಗೆ ಕಾಯಿಲೆ ಹಂಚಿದಂತೆ.

ಎಸ್ ವಾರ್ಡಿನ ನೀರಿನ ವಿಭಾಗಕ್ಕೆ ಸೊಸೈಟಿಯ ಲೆಟರ್‌ಹೆಡ್‌ನಲ್ಲಿ ಬರೆಯಿರಿ, 1916ಕ್ಕೆ ಫೋನ್ ಮಾಡಿದಾಗ ಸಿಕ್ಕ ದೂರಿನ ನಂಬರನ್ನೂ ಅದರಲ್ಲಿ ಹಾಕಿ. ಅದೇ ದಿನ ಆರೋಗ್ಯ ವಿಭಾಗಕ್ಕೂ ಒಂದು ಪ್ರತಿ ಕೊಡಿ, ಮಕ್ಕಳಿಗೆ ಕಾಯಿಲೆ ಎಂದು ಸ್ಪಷ್ಟವಾಗಿ ಬರೆಯಿರಿ. ನೀರಿನ ಮಾದರಿ ಪರೀಕ್ಷೆಗೆ ಹೋಗುವುದು ಅವರ ಮೂಲಕ. ನಗರಸೇವಕರಿಗೂ (ಕಾರ್ಪೊರೇಟರ್) ತಿಳಿಸಿ. 2022ರ ಮಾರ್ಚ್‌ನಿಂದ ಸುಮಾರು ನಾಲ್ಕು ವರ್ಷ ಮುಂಬೈಯಲ್ಲಿ ನಗರಸೇವಕರೇ ಇರಲಿಲ್ಲ. 2026ರ ಜನವರಿ 15ರ ಚುನಾವಣೆಯ ನಂತರ ಮತ್ತೆ 227 ಜನ ಬಂದಿದ್ದಾರೆ. ವೋಟು ಕೇಳಲು ಬಂದವರನ್ನು ನೀರಿನ ಬಾಟಲಿ ನೋಡಲೂ ಕರೆಯಿರಿ. ನೀರು ಸರಿಯಾಗುವವರೆಗೆ ಕುದಿಸಿದ ನೀರನ್ನೇ ಕುಡಿಯಿರಿ. ಫಿಲ್ಟರ್ ಇದೆ ಎಂದು ಬಿಡಬೇಡಿ.

ಪ್ರಶ್ನೆ: ಗೋರೆಗಾಂವ್‌ನಲ್ಲಿ ತಮ್ಮನೂ ನಾನೂ ಸಣ್ಣ ಲಂಚ್ ಹೋಮ್ ಶುರು ಮಾಡುತ್ತಿದ್ದೇವೆ. ಇಬ್ಬರು ಕೆಲಸದವರು. ಬೋರ್ಡಿನಲ್ಲಿ ಕನ್ನಡ ಬರೆಸಬಹುದೇ? 'ಗುಮಾಸ್ತಾ'ಕ್ಕೆ, ಅಂದರೆ ಅಂಗಡಿ ನೋಂದಣಿಗೆ, ಏಜೆಂಟ್ ಬಹಳ ಕೇಳುತ್ತಿದ್ದಾನೆ.

ಉತ್ತರ: ಖಂಡಿತ ಬರೆಸಿ. ಆದರೆ ಮೊದಲು ದೇವನಾಗರಿ ಲಿಪಿಯಲ್ಲಿ ಮರಾಠಿ ಇರಬೇಕು, ಬೇರೆ ಭಾಷೆಯ ಅಕ್ಷರ ಅದಕ್ಕಿಂತ ದೊಡ್ಡದಾಗಿರಬಾರದು. ಅಂಗಡಿ ಕಾಯ್ದೆಗೆ ಆದ 2022ರ ತಿದ್ದುಪಡಿಯಿಂದ ಸಣ್ಣ ಅಂಗಡಿಗಳಿಗೂ ಈ ನಿಯಮ ಇದೆ. ಬೋರ್ಡ್ ಬರೆಯುವವನಿಗೆ ಹೇಳುವಾಗಲೇ ಅಳತೆ ಹೇಳಿಬಿಡಿ, ಎರಡು ಸಲ ಖರ್ಚು ಬೇಡ.

ಗುಮಾಸ್ತಾ ವಿಷಯಕ್ಕೆ ಬಂದರೆ, 2017ರ ಅಂಗಡಿ ಕಾಯ್ದೆಯ ಪ್ರಕಾರ ನಿಮ್ಮಷ್ಟು ಕಡಿಮೆ ಕೆಲಸದವರಿದ್ದರೆ ನೋಂದಣಿಯೇ ಬೇಕಿಲ್ಲ. ಅಂಗಡಿ ಶುರು ಮಾಡಿದ್ದೇವೆ ಎಂದು ಆನ್‌ಲೈನ್‌ನಲ್ಲಿ ಸೂಚನೆ ಕೊಟ್ಟರೆ ಸಾಕು. ಮನೆಯ ಓದಿದ ಹುಡುಗರು ಕೂತು ಮಾಡುವ ಕೆಲಸ ಅದು. ನಿಮ್ಮ ಹಣ ಊಟದ ಲೈಸೆನ್ಸುಗಳಿಗೆ ಇರಲಿ. ಪಾಲಿಕೆಯ ಆರೋಗ್ಯ ಪರವಾನಗಿ, ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಎರಡೂ ಬೇರೆ. ಅವನ್ನು ಬಿಡುವ ಹಾಗಿಲ್ಲ.

ಪ್ರಶ್ನೆ: ಮಗಳು 2023ರ ಡಿಸೆಂಬರ್‌ನಲ್ಲಿ ಮುಲುಂಡ್‌ನ ಆಸ್ಪತ್ರೆಯಲ್ಲಿ ಹುಟ್ಟಿದಳು. ಬಾಣಂತನಕ್ಕೆ ಊರಿಗೆ ಹೋದೆವು, ನಾಮಕರಣ ತಡವಾಯಿತು. ಜನನ ದಾಖಲೆಯಲ್ಲಿ ಮಗುವಿನ ಹೆಸರಿನ ಜಾಗ ಖಾಲಿ ಇದೆ. ಈಗ ಡೊಂಬಿವಲಿಯಲ್ಲಿದ್ದೇವೆ. ಇಲ್ಲೇ ಹೆಸರು ಸೇರಿಸಬಹುದೇ?

ಉತ್ತರ: ಇಲ್ಲ. ಹುಟ್ಟಿದ ಜಾಗದಲ್ಲೇ ಆಗಬೇಕು. ನಿಮಗೆ ಅದು ಮುಲುಂಡ್‌ನ ಟಿ ವಾರ್ಡ್, ಆರೋಗ್ಯ ವಿಭಾಗ. ನೋಂದಣಿಯಾಗಿ ಹನ್ನೆರಡು ತಿಂಗಳೊಳಗೆ ಆಗಿದ್ದರೆ ಪುಕ್ಕಟೆ. ಈಗ ತಡದ ಶುಲ್ಕ ಕಟ್ಟಬೇಕು, ಅಷ್ಟೇ. ಹದಿನೈದು ವರ್ಷದವರೆಗೆ ಅವಕಾಶವಿದೆ. ಆದರೆ ನೀವು ಕಾಯಬೇಡಿ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಶಾಲೆ ಸೇರಲು, ಮುಂದೆ ಡ್ರೈವಿಂಗ್ ಲೈಸೆನ್ಸ್‌ಗೆ, ಮತದಾರರ ಪಟ್ಟಿಗೆ ಹುಟ್ಟಿದ ತಾರೀಕಿನ ಪುರಾವೆ ಎಂದರೆ ಈ ದಾಖಲೆಯೇ. ಜನನ ದಾಖಲೆ ಕೊಡುವುದು ಮಹಾರಾಷ್ಟ್ರದ 2015ರ ಲೋಕಸೇವಾ ಹಕ್ಕು ಕಾಯ್ದೆಯೊಳಗೆ ಬರುತ್ತದೆ. ಕಾರಣವಿಲ್ಲದೆ ಅವಧಿ ಮೀರಿಸಿದ ಅಧಿಕಾರಿಗೆ 500ರಿಂದ 5,000 ರೂಪಾಯಿ ದಂಡ ಬೀಳಬಹುದು. ಸತಾಯಿಸಿದರೆ ಮೇಲ್ಮನವಿ ಹಾಕಿ.

ಹೆಸರಿನ ಕಾಗುಣಿತವನ್ನು ಮನೆಯಲ್ಲೇ ದೇವನಾಗರಿಯಲ್ಲೂ ಇಂಗ್ಲಿಷಿನಲ್ಲೂ ದೊಡ್ಡದಾಗಿ ಬರೆದುಕೊಂಡು ಹೋಗಿ. ದಾಖಲೆ ಎರಡೂ ಭಾಷೆಯಲ್ಲಿ ಬರುತ್ತದೆ. ನಮ್ಮ 'ಹೆಗ್ಡೆ' ಇಲ್ಲಿನ ಟೇಬಲ್ಲಿನಲ್ಲಿ ಎಷ್ಟು ಸುಲಭವಾಗಿ 'ಹೆಗಡೆ' ಆಗುತ್ತದೆ ಗೊತ್ತಲ್ವಾ? ಅಪ್ಪನ ಆಧಾರ್‌ನಲ್ಲಿ ಒಂದು, ಮಗಳ ದಾಖಲೆಯಲ್ಲಿ ಇನ್ನೊಂದು ಬಂದರೆ ಪಾಸ್‌ಪೋರ್ಟ್ ಸಮಯದಲ್ಲಿ ಕಣ್ಣೀರು. ಒಮ್ಮೆ ಸೇರಿಸಿದ ಹೆಸರನ್ನು ಬದಲಿಸುವುದು ಸೇರಿಸಿದಷ್ಟು ಸುಲಭವಲ್ಲ. ಗುಮಾಸ್ತರು ಪ್ರಿಂಟ್ ಕೊಡುವ ಮೊದಲು ಸ್ಕ್ರೀನ್ ತೋರಿಸಿ ಎಂದು ಕೇಳಿ. ಮಗುವಿನ ಹೆಸರು, ನಿಮ್ಮಿಬ್ಬರ ಹೆಸರು, ಅಡ್ಡಹೆಸರು, ಒಂದೊಂದು ಅಕ್ಷರ ಓದಿ ನೋಡಿ.