ತಾಂಡಾದಲ್ಲಿ ಮಲೇರಿಯಾ ಪತ್ತೆಗೆ ಕಿಟ್ ಸಾಕೋ, ಬ್ಯಾಟರಿ ಮೈಕ್ರೋಸ್ಕೋಪ್ ಬೇಕೋ?

ನಿಮ್ಮ ಪ್ರಶ್ನೆ ಇಷ್ಟು: ಸುರಪುರ ತಾಲ್ಲೂಕಿನ ತಾಂಡಾ. ಮಂಗಳೂರು, ಮುಂಬೈ ಕಡೆ ಕಟ್ಟಡ ಕೆಲಸಕ್ಕೆ ಹೋದವರು ಹಬ್ಬಕ್ಕೆ ಬಂದಾಗ ಚಳಿಜ್ವರ ಹೊತ್ತು ಬರ್ತಾರೆ, ಪಿಎಚ್‌ಸಿ ದೂರ. ಯುವಕ ಸಂಘದಲ್ಲಿ ಸ್ವಲ್ಪ ಹಣ ಇದೆ. ಅದರಲ್ಲಿ ಕೈಯಲ್ಲಿ ಒಯ್ಯುವಂಥ ಯಂತ್ರ ತರಬೇಕೋ, ಕಿಟ್ ಸಾಕೋ, ನಮ್ಮ ಬಿಸಿಲಿಗೆ ಅದು ತಡೆದೀತೋ?

ಯಂತ್ರ ಬೇಡ. ಕಿಟ್‌ಗೂ ಸಂಘದ ದುಡ್ಡು ಹಾಕಬೇಡಿ. ಅದು ಸರ್ಕಾರದ ಮಲೇರಿಯಾ ಕಾರ್ಯಕ್ರಮದಿಂದ ಪಿಎಚ್‌ಸಿ ಮೂಲಕ ಪುಕ್ಕಟೆ ಬರುತ್ತದೆ. ನಿಮ್ಮ ಆಶಾ ಕಾರ್ಯಕರ್ತೆಯ ಹತ್ತಿರ ಇಲ್ಲದಿದ್ದರೆ ವೈದ್ಯಾಧಿಕಾರಿಗೆ ಒಂದು ಅರ್ಜಿ ಕೊಟ್ಟು ಕೇಳಿ. ಸಂಘದ ಹಣ ಎರಡಕ್ಕೆ ಇಡಿ: ಕಿಟ್ ತಂಪಾಗಿಡುವ ವ್ಯವಸ್ಥೆಗೆ, ಮತ್ತೆ ರಕ್ತಲೇಪನದ ಸ್ಲೈಡನ್ನು (ರಕ್ತ ಸವರಿದ ಗಾಜಿನ ಪಟ್ಟಿಯನ್ನು) ಅದೇ ದಿನ ಲ್ಯಾಬ್ ಮುಟ್ಟಿಸುವ ಪೆಟ್ರೋಲಿಗೆ. ಚುಚ್ಚುವ ಕೆಲಸ ಮಾತ್ರ ಆಶಾ ಅಥವಾ ನರ್ಸ್ ಕೈಯಲ್ಲೇ ಇರಲಿ.

ಕಿಟ್ ಅಂದರೆ ಬೆರಳುದ್ದದ ಪ್ಲಾಸ್ಟಿಕ್ ಕಾರ್ಡ್. ಒಳಗೊಂದು ಕಾಗದದ ಪಟ್ಟಿ, ಅದರ ಮೇಲೆ ಕಣ್ಣಿಗೆ ಕಾಣದ ಮೂರು ಗೆರೆಗಳಲ್ಲಿ ಆ್ಯಂಟಿಬಾಡಿ ಅಂಟಿಸಿರುತ್ತಾರೆ. ಒಂದು ಗೆರೆ ಫಾಲ್ಸಿಪೇರಮ್ ಅನ್ನೋ ಜಾತಿಯ ಮಲೇರಿಯಾ ರೋಗಾಣು ಬಿಡುವ ಎಚ್‌ಆರ್‌ಪಿ-2 ಅನ್ನೋ ಪ್ರೋಟೀನನ್ನು ಹಿಡಿಯುತ್ತದೆ. ಇನ್ನೊಂದು ವೈವ್ಯಾಕ್ಸ್ ಅನ್ನೋ ಜಾತಿಯ ಎಲ್‌ಡಿಎಚ್ ಕಿಣ್ವವನ್ನು. ಮೂರನೆಯದು ‘ಸಿ’, ಅಂದರೆ ಕಾರ್ಡ್ ಸರಿಯಾಗಿ ಕೆಲಸ ಮಾಡಿದೆಯೋ ಇಲ್ಲವೋ ಹೇಳುವ ಗೆರೆ. ಎರಡೂ ಜಾತಿ ತೋರಿಸುವ ಈ ಕಾರ್ಡು ನಮ್ಮ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಬಂದದ್ದು 2013ರಲ್ಲಿ. ಯಾವ ಜಾತಿ ಅನ್ನೋದು ಮುಖ್ಯ, ಎರಡಕ್ಕೂ ಔಷಧಿ ಬೇರೆ. ವೈವ್ಯಾಕ್ಸ್ ಯಕೃತ್ತಿನಲ್ಲಿ ಅಡಗಿ ಕೂತು ತಿಂಗಳುಗಳ ಮೇಲೆ ಮತ್ತೆ ಏಳುತ್ತದೆ, ಅದಕ್ಕೇ ಪ್ರೈಮಾಕ್ವಿನ್ ಮಾತ್ರೆ 14 ದಿನ ನುಂಗಿಸುತ್ತಾರೆ.

ಈಗ ಬಿಸಿಲಿನ ಮಾತು. ಹೆಚ್ಚಿನ ಕಿಟ್‌ಗಳ ಡಬ್ಬಿ ಮೇಲೆ 30 ಡಿಗ್ರಿ, ಕೆಲವದರ ಮೇಲೆ 40 ಡಿಗ್ರಿ ಮಿತಿ ಬರೆದಿರುತ್ತದೆ. ಯಾದಗಿರಿ, ಕಲಬುರಗಿಯ ಏಪ್ರಿಲ್–ಮೇ ಎರಡನ್ನೂ ದಾಟುತ್ತದೆ. ತಗಡಿನ ಶೀಟಿನ ಕೋಣೆ, ಬೈಕಿನ ಡಿಕ್ಕಿ ಇವು ಹೊರಗಿನ ಗಾಳಿಗಿಂತ ಇನ್ನೂ ಬಿಸಿ. ಅಲ್ಲಿ ವಾರಗಟ್ಟಲೆ ಬಿದ್ದ ಕಾರ್ಡಿನಲ್ಲಿ ಆ್ಯಂಟಿಬಾಡಿ ಕೆಡುತ್ತದೆ. ವೈವ್ಯಾಕ್ಸ್ ಗೆರೆ ಸಾಮಾನ್ಯವಾಗಿ ಮೊದಲು ಸೋಲುತ್ತದೆ, ಎಚ್‌ಆರ್‌ಪಿ-2 ಗೆರೆ ಸ್ವಲ್ಪ ಗಟ್ಟಿ. ಮೋಸ ಎಲ್ಲಿದೆ ಅಂದರೆ, ‘ಸಿ’ ಗೆರೆ ಆಗಲೂ ಚೆನ್ನಾಗಿಯೇ ಮೂಡಬಹುದು. ಅದು ರಸ ಪಟ್ಟಿಯುದ್ದಕ್ಕೂ ಹರಿದಿದೆ ಅಂತ ಮಾತ್ರ ಹೇಳುತ್ತದೆ, ಉಳಿದೆರಡು ಗೆರೆ ಜೀವಂತ ಇವೆ ಅಂತಲ್ಲ.

ಫ್ರಿಜ್ ಇದ್ದರೆ ಕೆಳಗಿನ ಖಾನೆಯಲ್ಲಿಡಿ, ಫ್ರೀಜರಿನಲ್ಲಿ ಬೇಡವೇ ಬೇಡ. ಹೊರತೆಗೆದ ಮೇಲೆ ಪೊಟ್ಟಣ ಕೋಣೆಯ ಬಿಸುಪಿಗೆ ಬರುವ ತನಕ ಒಡೆಯಬೇಡಿ, ಒಳಗೆ ತೇವ ಕೂರುತ್ತದೆ. ಫ್ರಿಜ್ ಇಲ್ಲದಿದ್ದರೆ ದೊಡ್ಡ ಮಣ್ಣಿನ ಕೊಡದೊಳಗೆ ಸಣ್ಣ ಕೊಡ, ನಡುವೆ ಹಸಿ ಮರಳು, ಒಳಗೆ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕಿಟ್. ನೆರಳು, ಗಾಳಿ ಎರಡೂ ಇರುವ ಪಡಸಾಲೆಯಲ್ಲಿಟ್ಟು ದಿನಕ್ಕೆರಡು ಸಲ ಮರಳಿಗೆ ನೀರು ಹಾಕಿ. ನಮ್ಮ ಒಣ ಬೇಸಿಗೆಗೆ ಇದು ಚೆನ್ನಾಗಿ ಒಗ್ಗುತ್ತದೆ. ಮಳೆಗಾಲದಲ್ಲಿ ಅಷ್ಟು ತಂಪು ಕೊಡುವುದಿಲ್ಲ, ಆದರೆ ಆಗ ಅಷ್ಟು ಬೇಕಾಗುವುದೂ ಇಲ್ಲ. ಡಬ್ಬಿಯಲ್ಲೊಂದು ಅಗ್ಗದ ಥರ್ಮಾಮೀಟರ್ ಇರಲಿ. ಪೊಟ್ಟಣ ಒಡೆದಾಗ ತೇವ ಹೀರುವ ಸಣ್ಣ ಚೀಲದ ಬಣ್ಣ ನೋಡಿ. ಬಣ್ಣ ತಿರುಗಿದ್ದರೆ, ಪೊಟ್ಟಣಕ್ಕೆ ತೂತಿದ್ದರೆ ಆ ಕಾರ್ಡ್ ಎಸೆಯಿರಿ.

ಚುಚ್ಚುವುದು ಎಡಗೈಯ ಉಂಗುರಬೆರಳಿಗೆ, ತುದಿಯ ನಟ್ಟನಡುವೆ ಅಲ್ಲ, ಪಕ್ಕಕ್ಕೆ. ಕಬ್ಬು ಕಡಿದು, ತೊಗರಿ ಕೊಯ್ದು ಜಡ್ಡುಗಟ್ಟಿದ ಕೈಯಾದರೆ ಮೊದಲು ಬೆಚ್ಚಗಿನ ನೀರಲ್ಲಿ ತೊಳೆಸಿ, ಕೈ ಕೆಳಗೆ ಇಳಿಬಿಡಿಸಿ. ಕೈಕೂಸಾದರೆ ಹಿಮ್ಮಡಿಯ ಪಕ್ಕ ಅಥವಾ ಕಾಲಿನ ಹೆಬ್ಬೆರಳು. ಸ್ಪಿರಿಟ್ ಹತ್ತಿಯಿಂದ ಒರೆಸಿದ ಮೇಲೆ ಪೂರಾ ಒಣಗಲಿ, ಊದಬೇಡಿ. ಹಸಿ ಇರುವಾಗಲೇ ಚುಚ್ಚಿದರೆ ಹನಿ ಗುಂಡಗೆ ನಿಲ್ಲದೆ ಹರಡುತ್ತದೆ, ರಕ್ತಕಣ ಒಡೆಯುತ್ತವೆ. ಮೊದಲ ಹನಿ ಒಣ ಹತ್ತಿಯಿಂದ ಒರೆಸಿ, ಎರಡನೆಯದನ್ನು ಕಿಟ್ ಜೊತೆ ಬಂದ ಸಾಧನದಲ್ಲೇ ಎತ್ತಿ. ಬೇಕಾದದ್ದು 5 ಮೈಕ್ರೋಲೀಟರ್, ಸಾಸಿವೆ ಕಾಳಿನಷ್ಟು. ಹೆಚ್ಚಾದರೆ ಪಟ್ಟಿಯೆಲ್ಲ ಕೆಂಪಾಗಿ ಗೆರೆ ಮುಚ್ಚಿಹೋಗುತ್ತದೆ, ಕಡಿಮೆಯಾದರೆ ಗೆರೆ ಮೂಡುವುದೇ ಇಲ್ಲ.

ರಕ್ತ ಹಾಕುವ ಕಿಂಡಿ ಬೇರೆ, ಬಫರ್ (ರಕ್ತವನ್ನು ಪಟ್ಟಿಯುದ್ದಕ್ಕೂ ಹರಿಸುವ, ಕಿಟ್ ಜೊತೆ ಬರುವ ದ್ರವ) ಹಾಕುವ ಕಿಂಡಿ ಬೇರೆ. ತರಬೇತಿ ಇಲ್ಲದವರು ಹೆಚ್ಚು ತಪ್ಪುವುದು ಇಲ್ಲೇ. ಬಫರ್ ಬಾಟಲಿ ನೆಟ್ಟಗೆ ಹಿಡಿದು ಹನಿ ಹಾಕಿ, ಓರೆ ಹಿಡಿದರೆ ಹನಿಯ ಗಾತ್ರ ಬದಲಾಗುತ್ತದೆ. ಗುಳ್ಳೆ ಬಿದ್ದರೆ ಅದನ್ನು ಹನಿ ಅಂತ ಎಣಿಸಬೇಡಿ. ಎಷ್ಟು ಹನಿ ಅನ್ನೋದು ಕಂಪನಿಯಿಂದ ಕಂಪನಿಗೆ ಬೇರೆ, ಆ ಡಬ್ಬಿಯ ಚೀಟಿಯಲ್ಲಿರುವುದೇ ಲೆಕ್ಕ. ಬಫರ್ ಮುಗಿಯಿತು ಅಂತ ನೀರು, ಸಲೈನ್, ಇನ್ನೊಂದು ಕಿಟ್‌ನ ಬಫರ್ ಹಾಕುವವರಿದ್ದಾರೆ. ಹಾಗೆ ಮಾಡಿದರೆ ಆರೋಗ್ಯವಂತನ ಕಾರ್ಡಿನಲ್ಲೂ ಗೆರೆ ಬಂದೀತು.

ಕಾರ್ಡ್ ಸಮತಟ್ಟಾದ ಜಾಗದಲ್ಲಿರಲಿ, ಫ್ಯಾನಿನ ಕೆಳಗೆ ಬೇಡ. ಮೊಬೈಲಿನಲ್ಲಿ ಅಲಾರಂ ಇಡಿ. ಓದುವ ಸಮಯ ಸಾಮಾನ್ಯವಾಗಿ 15ರಿಂದ 20 ನಿಮಿಷ, ಚೀಟಿ ನೋಡಿ. ಅರ್ಧ ಗಂಟೆ ದಾಟಿದ ಮೇಲೆ ಮೂಡಿದ ಗೆರೆಗೆ ಬೆಲೆ ಇಲ್ಲ. ಒಣಗುತ್ತಾ ರಸ ಹಿಂದಕ್ಕೆ ಹರಿದು ಸುಳ್ಳು ಗೆರೆ ಬರೆಯುತ್ತದೆ. ಸಮಯದೊಳಗೆ ಎಷ್ಟೇ ಮಸುಕಾದ ಗೆರೆ ಬಂದರೂ ಅದು ಪಾಸಿಟಿವ್, “ಅರ್ಧ ಪಾಸಿಟಿವ್” ಅನ್ನೋದಿಲ್ಲ. ‘ಸಿ’ ಗೆರೆ ಬರದಿದ್ದರೆ ಉಳಿದದ್ದು ಏನೇ ಇರಲಿ, ಹೊಸ ಕಾರ್ಡ್ ತೆಗೆಯಿರಿ.

ಇಷ್ಟೆಲ್ಲ ಸರಿಯಾಗಿ ಮಾಡಿದರೂ ಕಾರ್ಡಿಗೆ ಕಾಣದ್ದು ಇದ್ದೇ ಇದೆ. ಒಂದು ಮೈಕ್ರೋಲೀಟರ್ ರಕ್ತದಲ್ಲಿ ರೋಗಾಣು ಸುಮಾರು 200ಕ್ಕಿಂತ ಕಡಿಮೆ ಇದ್ದರೆ ಅದು ತಪ್ಪಿಸಬಹುದು. ಎಚ್‌ಆರ್‌ಪಿ-2 ಜೀನೇ ಇಲ್ಲದ ಫಾಲ್ಸಿಪೇರಮ್ ತಳಿಗಳೂ ಇವೆ, ಭಾರತದಲ್ಲೂ ಅಲ್ಲಲ್ಲಿ ಸಿಕ್ಕಿವೆ. ಇದಕ್ಕೆ ತಿರುಗುಮುರುಗಾದ ಪೇಚು ನಿಮ್ಮ ತಾಂಡಾದಲ್ಲಿ ಹೆಚ್ಚು ಬರುವಂಥದ್ದು. ಮಂಗಳೂರಿನಲ್ಲಿ ಎರಡು ವಾರದ ಹಿಂದೆ ಫಾಲ್ಸಿಪೇರಮ್‌ಗೆ ಮಾತ್ರೆ ತಗೊಂಡು ವಾಸಿಯಾದ ಹುಡುಗ ಊರಿಗೆ ಬರ್ತಾನೆ, ಮತ್ತೆ ಜ್ವರ ಅಂತಾನೆ. ಕಾರ್ಡಿನಲ್ಲಿ ಗೆರೆ ಎದ್ದು ಕಾಣುತ್ತದೆ. ರೋಗಾಣು ಸತ್ತ ಮೇಲೂ ಎಚ್‌ಆರ್‌ಪಿ-2 ರಕ್ತದಲ್ಲಿ ವಾರಗಟ್ಟಲೆ ಉಳಿಯುವುದರಿಂದ ಈ ಗೆರೆ ಹಳೇ ಜ್ವರದ್ದೋ ಹೊಸದರದ್ದೋ ಹೇಳಲಾಗದು. ಈಗಿನ ಜ್ವರ ಟೈಫಾಯಿಡೋ ಡೆಂಗಿಯೋ ಇರಬಹುದು. ಹೀಗಾಗಿ ಹಿಂದಿನ ಒಂದೂವರೆ ತಿಂಗಳಲ್ಲಿ ಮಲೇರಿಯಾ ಮಾತ್ರೆ ನುಂಗಿದ್ದೀಯಾ ಅಂತ ಕಾರ್ಡ್ ಒಡೆಯುವ ಮುಂಚೆ ಕೇಳಬೇಕು. ಹೌದು ಅಂದರೆ ತೀರ್ಪು ಸ್ಲೈಡಿನದ್ದು.

ಅದಕ್ಕೇ ಪೆಟ್ರೋಲಿನ ಮಾತು ಎತ್ತಿದ್ದು. ಅದೇ ಚುಚ್ಚಿದ ಬೆರಳಿಂದ ಅದೇ ಹೊತ್ತಿಗೆ ಲೇಪನವನ್ನೂ ತೆಗೆಸಿ. ದಪ್ಪ ಲೇಪನಕ್ಕೆ ಮೂರು ಸಣ್ಣ ಹನಿ, ಇನ್ನೊಂದು ಸ್ಲೈಡಿನ ಮೂಲೆಯಿಂದ ಸುಮಾರು 1 ಸೆಂಟಿಮೀಟರ್ ಅಗಲಕ್ಕೆ ಕೂಡಿಸುವುದು. ದಿನಪತ್ರಿಕೆಯ ಮೇಲಿಟ್ಟರೆ ಕೆಳಗಿನ ಅಕ್ಷರ ಓದಲು ಬರುವಷ್ಟು ದಪ್ಪ ಸಾಕು. ತೆಳು ಲೇಪನಕ್ಕೆ ಒಂದೇ ಹನಿ, ಇನ್ನೊಂದು ಸ್ಲೈಡನ್ನು 45 ಡಿಗ್ರಿ ಓರೆ ಹಿಡಿದು ಒಂದೇ ಎಳೆತ, ನಾಲಿಗೆ ಆಕಾರ ಬರಬೇಕು. ಒಣಗಿದ ಮೇಲೆ ತೆಳು ಲೇಪನದ ದಪ್ಪ ತುದಿಯಲ್ಲಿ ಪೆನ್ಸಿಲಿನಿಂದ ನಂಬರ್ ಬರೆಯಿರಿ. ಪೆನ್ನಿನದ್ದು ಬಣ್ಣ ಹಾಕುವಾಗ ಅಳಿಸಿಹೋಗುತ್ತದೆ. ಬಿಸಿಲಿಗಿಟ್ಟು ಒಣಗಿಸಬೇಡಿ, ನೊಣ ಇರುವೆ ರಕ್ತ ತಿಂದುಬಿಡುತ್ತವೆ, ಜಾಲರಿ ಮುಚ್ಚಿ. ನಮ್ಮ ಸೆಕೆಗೆ ದಪ್ಪ ಲೇಪನ ಒಂದೆರಡು ದಿನದಲ್ಲಿ ತಾನೇ ಗಾಜಿಗೆ ಕಚ್ಚಿ ಗಟ್ಟಿಯಾಗುತ್ತದೆ. ಆಮೇಲೆ ಅದರ ಕೆಂಪು ನೀರಲ್ಲಿ ಇಳಿಯುವುದಿಲ್ಲ, ಲ್ಯಾಬಿನವರಿಗೆ ಏನೂ ಕಾಣುವುದಿಲ್ಲ. ಮೊದಲ ಸ್ಲೈಡ್ ನೆಗೆಟಿವ್ ಬಂದು ಜ್ವರ ಬಿಡದಿದ್ದರೆ 12ರಿಂದ 24 ಗಂಟೆ ಬಿಟ್ಟು ಮತ್ತೊಂದು.

ಮೈಕ್ರೋಸ್ಕೋಪ್ ಯಾಕೆ ಬೇಡ ಅಂದೆ? ಮಲೇರಿಯಾ ಕಾಣಲು ಎಣ್ಣೆ ಹಾಕಿ ನೋಡುವ 100ರ ಮಸೂರ, 10ರ ಕಣ್ಣಗಾಜು, ಒಟ್ಟು ಸಾವಿರ ಪಟ್ಟು ಬೇಕು. ಬ್ಯಾಟರಿ ಎಲ್‌ಇಡಿಯ ಒಳ್ಳೆಯ ಉಪಕರಣಗಳು ಸಿಗುತ್ತವೆ, ಉಪಕರಣದ ಕೊರತೆಯಲ್ಲ ಇದು. ದಪ್ಪ ಲೇಪನದಲ್ಲಿ 100 ಕ್ಷೇತ್ರ (ಮಸೂರದಲ್ಲಿ ಒಮ್ಮೆಗೆ ಕಾಣುವಷ್ಟು ಜಾಗ ಒಂದು ಕ್ಷೇತ್ರ) ನೋಡಿ ‘ಇಲ್ಲ’ ಅನ್ನಬಲ್ಲ ಪಳಗಿದ ಕಣ್ಣು ಬೇಕು. ಬಣ್ಣದ ನೀರಿನ ಪಿಎಚ್, ಅಂದರೆ ಹುಳಿ-ಕ್ಷಾರದ ಮಟ್ಟ, ಸರಿ ಇರಬೇಕು. ಸೇಡಂ, ಶಹಾಬಾದ್ ಕಡೆಯ ಸುಣ್ಣದ ಬೋರ್ ನೀರಲ್ಲಿ ತೊಳೆದರೆ ಬಣ್ಣವೇ ಕೆಡುತ್ತದೆ. ರೊನಾಲ್ಡ್ ರಾಸ್ 1897ರ ಆಗಸ್ಟ್ 20ರಂದು ಇಲ್ಲೇ ಪಕ್ಕದ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾ ರೋಗಾಣು ಕಂಡಾಗ, ಅವರ ಮೈಕ್ರೋಸ್ಕೋಪಿನ ಸ್ಕ್ರೂ ಬೆವರಿಗೆ ತುಕ್ಕು ಹಿಡಿದಿತ್ತು, ಕಣ್ಣಗಾಜು ಸೀಳಿತ್ತು. ಕಂಡದ್ದು ಕಣ್ಣಿನ ಅಭ್ಯಾಸದಿಂದ. ಇನ್ನು ಫೋಲ್ಡ್‌ಸ್ಕೋಪಿನಂಥ ಕಾಗದದ ಮೈಕ್ರೋಸ್ಕೋಪ್ ಶಾಲಾ ಮಕ್ಕಳಿಗೆ ಕೊಡಿಸಿ, ಖುಷಿಪಡ್ತಾರೆ. ಅದರ ಸುಮಾರು 140 ಪಟ್ಟಿನಲ್ಲಿ ಮಲೇರಿಯಾ ತೀರ್ಮಾನ ಮಾಡಲಾಗದು.

ಗೋವಾದ ಮೋಲ್‌ಬಯೋ ಕಂಪನಿಯ ಟ್ರೂನ್ಯಾಟ್ ಬ್ಯಾಟರಿಯಲ್ಲಿ ನಡೆಯುವ ಪಿಸಿಆರ್, ಅಂದರೆ ರೋಗಾಣುವಿನ ಡಿಎನ್‌ಎ ಹುಡುಕುವ ಯಂತ್ರ, ಅದಕ್ಕೆ ಮಲೇರಿಯಾ ಚಿಪ್ಪೂ ಇದೆ. ಕಾರ್ಡಿಗೆ ಸಿಗದಷ್ಟು ಕಡಿಮೆ ರೋಗಾಣುವನ್ನೂ ಅದು ಹಿಡಿಯಬಲ್ಲದು. ಆದರೆ ಅದು ಲ್ಯಾಬ್ ಟೆಕ್ನಿಷಿಯನ್ ಇರುವ ಆಸ್ಪತ್ರೆಯ ಮೇಜಿಗೆ ತಕ್ಕದ್ದು, ಒಂದೊಂದು ಪರೀಕ್ಷೆಗೆ ಹೆಚ್ಚುಕಡಿಮೆ ಒಂದು ಗಂಟೆ. ಖಾಸಗಿ ಲ್ಯಾಬಿನವರು ‘ಮಲೇರಿಯಾ ಆ್ಯಂಟಿಬಾಡಿ’ ಪರೀಕ್ಷೆ ಅಂದರೆ ಬೇಡ ಅನ್ನಿ. ಹಿಂದೆಂದೋ ಬಂದು ಹೋದ ಜ್ವರವನ್ನೂ ಅದು ತೋರಿಸುತ್ತದೆ.

ಮಾತು ತಡವರಿಸುವುದು, ಫಿಟ್ಸ್, ಕಾಮಾಲೆ, ಕಪ್ಪು ಮೂತ್ರ ಅಥವಾ ಮೂತ್ರ ನಿಲ್ಲುವುದು, ಉಬ್ಬಸ, ಕುಡಿದದ್ದೆಲ್ಲ ವಾಂತಿ ಇದ್ದರೆ ಕಾರ್ಡಿನ ನಿಮಿಷ ಎಣಿಸುತ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ ಯಾದಗಿರಿಯ ಜಿಲ್ಲಾಸ್ಪತ್ರೆಗೋ ಕಲಬುರಗಿಯ ಜಿಮ್ಸ್‌ಗೋ ಸಾಗಿಸಿ. ಬಸುರಿಗೆ, ಐದು ವರ್ಷದೊಳಗಿನ ಮಗುವಿಗೆ ಜ್ವರ ಬಂದರೆ ಕಾರ್ಡ್ ನೆಗೆಟಿವ್ ಇದ್ದರೂ ಅದೇ ದಿನ ವೈದ್ಯರಿಗೆ ತೋರಿಸಿ.

ಬಳಸಿದ ಸೂಜಿಗೆ ಚುಚ್ಚಿದರೂ ತೂತಾಗದ ಬಿಳಿ ಡಬ್ಬಿಯನ್ನು ಪಿಎಚ್‌ಸಿಯಿಂದಲೇ ಕೇಳಿ ತನ್ನಿ, ಮುಕ್ಕಾಲು ತುಂಬಿದ ಕೂಡಲೇ ವಾಪಸ್ ಅಲ್ಲಿಗೇ ಕೊಡಿ. ರಕ್ತದ ಹತ್ತಿ ಹಳದಿ ಚೀಲಕ್ಕೆ. ಬಳಸಿದ ಕಾರ್ಡ್‌ಗಳನ್ನೂ ಪಿಎಚ್‌ಸಿಗೇ ಕಳಿಸಿ, ತಿಪ್ಪೆಗೆ ಎಸೆದರೆ ಮಕ್ಕಳು ಆಟಕ್ಕೆ ಆರಿಸಿಕೊಳ್ಳುತ್ತವೆ.