ಆರ್ಗನ್ ಬೇಡ ಅಂದ ಚರ್ಚಿನಲ್ಲಿ ಆರ್ಗನ್ ನುಡಿಸಿದವನು

ಪ್ರಶ್ನೆ: ಸರ್, ನಮ್ಮ ಚರ್ಚಿನ ಕ್ವಾಯರ್‌ಗೆ ಕೀಬೋರ್ಡ್ ನುಡಿಸುತ್ತೇನೆ. ಸ್ವೀಲಿಂಕ್ ಅನ್ನುವ ಡಚ್ ಆರ್ಗನ್ ವಾದಕನ ಸಂಗೀತ ಯೂಟ್ಯೂಬಿನಲ್ಲಿ ಕೇಳಿದೆ. ಅವನ ಕಾಲದಲ್ಲಿ ಪ್ರಾರ್ಥನೆಗೆ ಆರ್ಗನ್ನೇ ಬೇಡ ಅಂದಿದ್ದರಂತೆ. ಹಾಗಾದರೆ ಸಂಬಳ ಕೊಟ್ಟವರು ಯಾರು? ಅವನು ಜರ್ಮನಿಯ ದೊಡ್ಡ ಸಂಗೀತಗಾರ ಬಾಖ್‌ನ ಗುರು ಅನ್ನುವುದು ನಿಜವೇ?
– ಓದುಗರು, ಆಂಡರ್ಸನ್‌ಪೇಟೆ, ಕೆಜಿಎಫ್

ಉತ್ತರ: ಎರಡನೆಯದಕ್ಕೆ ಮೊದಲು ಉತ್ತರ ಹೇಳಿಬಿಡುತ್ತೇನೆ. ನಿಜ ಅಲ್ಲ. ಯಾನ್ ಪೀಟರ್ಸ್‌ಜೋನ್ ಸ್ವೀಲಿಂಕ್ ತೀರಿಕೊಂಡಿದ್ದು 1621ರಲ್ಲಿ, ಬಾಖ್ ಹುಟ್ಟಿದ್ದು 1685ರಲ್ಲಿ. ವಿಡಿಯೋದ ಕೆಳಗೆ ಯಾರೋ ಸುಮ್ನೆ ಬರೆದಿರುತ್ತಾರೆ.

ಇನ್ನು ಸಂಬಳದ ವಿಷಯ. ಸ್ವೀಲಿಂಕ್ 1562ರಲ್ಲಿ ಡೆವೆಂಟರ್ ಊರಿನಲ್ಲಿ ಹುಟ್ಟಿದ. ಅಪ್ಪ ಆಮ್‌ಸ್ಟರ್‌ಡ್ಯಾಮಿನ ಔಡೆ ಕೆರ್ಕ್ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದ, 1573ರಲ್ಲಿ ತೀರಿಕೊಂಡ. 1578ರಲ್ಲಿ ಊರಿನ ಅಧಿಕಾರ ಪ್ರಾಟೆಸ್ಟಂಟರಲ್ಲಿ ಒಂದು ಪಂಗಡವಾದ ಕ್ಯಾಲ್ವಿನ್ ಪಂಥದವರ ಕಡೆಗೆ ಬಂತು. ಅವರು ಬಹಳ ಕಟ್ಟುನಿಟ್ಟು. ಪ್ರಾರ್ಥನೆ ನಡೆಯುವಾಗ ಆರ್ಗನ್ ಕೂಡದು, ಎಲ್ಲರೂ ಸೇರಿ ಕೀರ್ತನೆ ಹಾಡಿದರೆ ಸಾಕು ಅಂದರು. ಆದರೆ ಆರ್ಗನ್ ಊರಿನ ಆಸ್ತಿ, ಚರ್ಚಿನದಲ್ಲ. ಹಾಗಾಗಿ ನಗರ ಆಡಳಿತವೇ ಸ್ವೀಲಿಂಕ್‌ನನ್ನು ಸಂಬಳಕ್ಕಿಟ್ಟುಕೊಂಡು, ಪ್ರಾರ್ಥನೆಗೆ ಮುಂಚೆಯೋ ಆಮೇಲೋ ಜನರಿಗಾಗಿ ನುಡಿಸು ಅಂತ ಹೇಳಿತು. ಪಾದ್ರಿಗಳಿಗೆ ಇಷ್ಟವಿತ್ತೋ ಇಲ್ಲವೋ, ವ್ಯಾಪಾರಿಗಳು, ಊರಿಗೆ ಬಂದ ಪರದೇಶದವರು ಎಲ್ಲ ಅಲ್ಲಿಗೆ ಕೇಳೋಕೆ ಬರುತ್ತಿದ್ದರು.

ನನ್ನ ಪ್ರಕಾರ ಆ ನಿಷೇಧದಿಂದ ಅವನಿಗೆ ಲಾಭವೇ ಆಯಿತು. ಪ್ರಾರ್ಥನೆಯ ಹಾಡಿಗೆ ಹಿಂದಿನಿಂದ ನುಡಿಸುವ ಕೆಲಸ ಇಲ್ಲ, ಪಾದ್ರಿ ಯಾವಾಗ ನಿಲ್ಲಿಸುತ್ತಾರೋ ಅಂತ ಕಾಯುವ ಹಾಗಿಲ್ಲ. ಒಂದೇ ಎಳೆಯನ್ನು ಹಿಡಿದು ಹತ್ತು ನಿಮಿಷ ಬೆಳೆಸುವ, ಫ್ಯಾಂಟೇಸಿಯಾ ಅನ್ನುವ ಅವನ ರಚನೆಗಳನ್ನು ಕೇಳಿದರೆ, ಈ ಮನುಷ್ಯನಿಗೆ ಯಾವ ಅವಸರವೂ ಇರಲಿಲ್ಲ ಅನ್ನಿಸುತ್ತದೆ. ಸಂಬಳ ವರ್ಷಕ್ಕೆ 100 ಗಿಲ್ಡರ್ (ಆಗಿನ ಡಚ್ ಹಣ) ಇದ್ದದ್ದು 1590ರ ಹೊತ್ತಿಗೆ 300 ಆಯಿತು. ಅದೇ ವರ್ಷ ಮದುವೆ. ಇನ್ನೂ 100 ಗಿಲ್ಡರ್ ಬೇಕೋ, ಬಾಡಿಗೆ ಇಲ್ಲದ ಮನೆ ಬೇಕೋ ಅಂತ ಕೇಳಿದಾಗ ಮನೆಯನ್ನೇ ಆರಿಸಿಕೊಂಡ. ಜಾಣ!

ದೇಶ ಸುತ್ತಿದವನಲ್ಲ. ಹೊಸ ಆರ್ಗನ್ ಪರೀಕ್ಷೆ ಮಾಡೋಕೆ ಅಕ್ಕಪಕ್ಕದ ಊರುಗಳಿಗೆ ಹೋಗುತ್ತಿದ್ದ, 1604ರಲ್ಲಿ ಊರಿನ ಪರವಾಗಿ ಹಾರ್ಪ್ಸಿಕಾರ್ಡ್ (ಪಿಯಾನೋಗಿಂತ ಹಳೆಯ, ತಂತಿ ಮೀಟುವ ಕೀಲಿಮಣೆ ವಾದ್ಯ) ಕೊಳ್ಳಲು ಆಂಟ್‌ವರ್ಪ್‌ಗೆ ಹೋಗಿಬಂದ, ಅಷ್ಟೇ. ಆದರೆ ಶಿಷ್ಯರು ಅವನನ್ನು ಹುಡುಕಿಕೊಂಡು ಬಂದರು, ಅದರಲ್ಲೂ ಜರ್ಮನಿಯಿಂದ. ಹಾಲೆಯಿಂದ ಸ್ಯಾಮ್ಯುಯೆಲ್ ಶೈಟ್, ಹ್ಯಾಂಬರ್ಗ್‌ನಿಂದ ಯಾಕೋಬ್ ಪ್ರಿಟೋರಿಯಸ್ ಮತ್ತು ಹೈನ್ರಿಖ್ ಶೈಡೆಮಾನ್. ಈ ಶೈಡೆಮಾನ್‌ನ ಶಿಷ್ಯ ರೈನ್‌ಕೆನ್. ಆ ರೈನ್‌ಕೆನ್ ಮುದುಕನಾಗಿದ್ದಾಗ, 1720ರಲ್ಲಿ, ಬಾಖ್ ಹ್ಯಾಂಬರ್ಗ್‌ಗೆ ಹೋಗಿ ಅವನೆದುರು ನುಡಿಸಿದ. ಬಾಖ್‌ನ ಗುರು ಅನ್ನುವ ಮಾತು ಹುಟ್ಟಿದ್ದು ಬಹುಶಃ ಈ ಸಂಬಂಧದಿಂದಲೇ.

ಇನ್ನೊಂದು ವಿಷಯ. ಇವತ್ತು ನಾವು ಕೇಳುವ ಅವನ ಸುಮಾರು 70 ಕೀಬೋರ್ಡ್ ರಚನೆಗಳಲ್ಲಿ ಒಂದೂ ಅವನು ಬದುಕಿದ್ದಾಗ ಅಚ್ಚಾಗಲಿಲ್ಲ. ಅಚ್ಚಾಗಿದ್ದೆಲ್ಲ ಹಾಡುಗಳು, 150 ಕೀರ್ತನೆಗಳಿಗೂ ಸಂಗೀತ ಹಾಕಿದ್ದಾನೆ, ಅದೂ ಫ್ರೆಂಚ್ ಭಾಷೆಯಲ್ಲಿ. ಆರ್ಗನ್ ರಚನೆಗಳು ಉಳಿದಿದ್ದು ಶಿಷ್ಯರು ಮತ್ತು ಅವರ ಸುತ್ತಿನವರು ಕೈಯಲ್ಲಿ ನಕಲು ಮಾಡಿಟ್ಟುಕೊಂಡಿದ್ದರಿಂದ. ಅವನ ಕೆಲಸ ಆಮೇಲೆ ಮಗ ಡಿರ್ಕ್‌ಗೆ ಸಿಕ್ಕಿತು. ಡಚ್ಚರು 25 ಗಿಲ್ಡರ್ ನೋಟಿನ ಮೇಲೂ ಸ್ವೀಲಿಂಕ್ ಮುಖ ಹಾಕಿದ್ದರು. ಸಂಗೀತಗಾರನ ಮುಖ ನೋಟಿನ ಮೇಲೆ! ನನಗಂತೂ ಹೊಟ್ಟೆಕಿಚ್ಚು.

ಪ್ರಶ್ನೆ: ಆರ್ಗನ್ ಅಂದರೆ ದೊಡ್ಡ ಹಾರ್ಮೋನಿಯಂ ಅಷ್ಟೇ ಅಲ್ವಾ?
– ಓದುಗರು, ಶಿರಾ

ಉತ್ತರ: ಅಲ್ಲ. ಎರಡಕ್ಕೂ ಗಾಳಿ ಬೇಕು ನಿಜ. ಹಾರ್ಮೋನಿಯಂನಲ್ಲಿ ಗಾಳಿ ಹಿತ್ತಾಳೆ ರೀಡುಗಳನ್ನು ಅದುರಿಸುತ್ತದೆ. ಪೈಪ್ ಆರ್ಗನ್‌ನಲ್ಲಿ ಒಂದೊಂದು ಸ್ವರಕ್ಕೂ ಬೇರೆ ಕೊಳವೆ, ಹೆಚ್ಚಿನವು ಕೊಳಲಿನ ಥರ ಕೆಲಸ ಮಾಡುತ್ತವೆ. ನಮ್ಮ ಭಜನೆ ಮನೆಯಲ್ಲಿ ತಿದಿ ಜೋರಾಗಿ ಒತ್ತಿದರೆ ದನಿ ಏರುತ್ತದೆ, ಅಲ್ಲಿ ಹಾಗಾಗಲ್ಲ. ಕೀಲಿಯನ್ನು ಎಷ್ಟೇ ಗಟ್ಟಿಯಾಗಿ ಒತ್ತಿದರೂ ದನಿ ಅಷ್ಟೇ. ಅದಕ್ಕೇ ಸ್ವೀಲಿಂಕ್ ತನ್ನ ಎಕೋ (ಪ್ರತಿಧ್ವನಿ) ಫ್ಯಾಂಟೇಸಿಯಾಗಳಲ್ಲಿ ಒಂದು ಸಾಲನ್ನು ಜೋರಾಗಿ ನುಡಿಸಿ, ಅದನ್ನೇ ಇನ್ನೊಂದು ಕೀಲಿಮಣೆಯಲ್ಲಿ ಮೆತ್ತಗೆ ನುಡಿಸುವಂತೆ ಬರೆದ. ಗಾಳಿ ತುಂಬೋಕೆ ಹಿಂದೆ ಬೇರೆ ಆಳುಗಳು ಬೇಕಿತ್ತು. ಅವರ ಹೆಸರು ಯಾವ ನೋಟಿನ ಮೇಲೂ ಬರಲಿಲ್ಲ ಬಿಡಿ.

ಪ್ರಶ್ನೆ: ಮಗಳು ಕೀಬೋರ್ಡ್ ಕಲಿಯುತ್ತಿದ್ದಾಳೆ, ನೊಟೇಶನ್ ಓದುತ್ತಾಳೆ. ಸ್ವೀಲಿಂಕ್‌ನದು ಏನಾದರೂ ನುಡಿಸಬಹುದಾ?
– ಓದುಗರು, ಚಿಂತಾಮಣಿ

ಉತ್ತರ: ಖಂಡಿತ. 'ಮೈನ್ ಯುಂಗೆಸ್ ಲೇಬೆನ್ ಹಾಟ್ ಐನ್ ಎಂಡ್' ಅನ್ನುವ ಜರ್ಮನ್ ಹಾಡಿನ ಮೇಲೆ ಅವನು ಆರು ವೇರಿಯೇಶನ್ (ಅದೇ ರಾಗವನ್ನು ಬೇರೆ ಬೇರೆ ಥರ ಬದಲಿಸಿದ ರೂಪಗಳು) ಬರೆದಿದ್ದಾನೆ. ಕಾಲಿನ ಪೆಡಲ್ ಬೇಕಿಲ್ಲ, ಎರಡು ಕೈ ಸಾಕು. ಮೊದಲನೆಯದು ನಿಧಾನ, ಕಲಿಯಬಹುದು. ಮುಂದಿನವು ಬೆರಳಿಗೆ ಕಷ್ಟ. ಆರೂ ಒಟ್ಟಿಗೆ ಬೇಡ. ಕೀಬೋರ್ಡಿನ ರಿದಮ್ ಮಾತ್ರ ಆಫ್ ಮಾಡಿಸಿ, ದಯವಿಟ್ಟು.